ಆಲ್ಟೋ ಸಾಲಿನ ಷಡ್ಜ

ಜನವರಿ ೧೬, ೨೦೧೨, ಸೋಮವಾರ

ಇವರು ತಮ್ಮ ಕಾರ್ಖಾನೆಯ ಹಳೆಯ ಗೆಳೆಯರು ಕೊಟ್ಟ ಡೈರಿಯೊಂದನ್ನು ತಂದು ಮುಂದಿಟ್ಟು, "ಜಾಸ್ತಿ ಮಾತಾಡ್ಬೇಡಿ ಅಂದಿದ್ದಾರಲ್ಲ ಡಾಕ್ಟ್ರು, ಇದರಲ್ಲಿ ಬರಿ. ನನ್ನ ಬೈಯೋದಿದ್ರೂ ಇದರಲ್ಲೇ ಬೈದ್ಬಿಡು," ಅಂದರು. ಅಷ್ಟಕ್ಕೆಲ್ಲ ಇದರಲ್ಲಿ ಜಾಗ ಎಲ್ಲಿದೆ? ಗಂಡನ ಹೆಸರು ಬರೆದರೆ ಅವರ ಆಯಸ್ಸು ಕಡಿಮೆಯಾಗುತ್ತೆ ಅನ್ನುತ್ತಿದ್ದರು ನಮ್ಮಜ್ಜಿ. ಶ್ಯಾಮಸುಂದರ, ಶ್ಯಾಮಸುಂದರ. ಈಗ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾರೆ, ಗಟ್ಟಿಯಾಗಿಯೇ ಇದ್ದಾರೆ.

ಥೈರಾಯ್ಡ್ ಗಂಟು ತೆಗೆಸಿಕೊಂಡು ಎರಡು ತಿಂಗಳಾಯಿತು. "ಮಾತು ಪೂರ್ತಿ ಬರುತ್ತೆ ಮೇಡಂ. ಹಾಡೋದು, ಅದರಲ್ಲೂ ಮೇಲಿನ ಸ್ವರ, ನೋಡೋಣ," ಅಂದರು ಡಾಕ್ಟ್ರು. ನೋಡೋಣ ಅಂದರೆ ಇಲ್ಲ ಅಂತ ಅರ್ಥ. ಅಷ್ಟು ಗೊತ್ತಾಗದೇ ಇರುವಷ್ಟು ಪೆದ್ದಿಯಲ್ಲ ನಾನು. ಕೆಳಗೆ ಐದಾರು ಸ್ವರ ಉಳಿದಿದೆ. ಅದರಲ್ಲೂ ಒಂದನ್ನು ಸ್ವಲ್ಪ ಹೊತ್ತು ಹಿಡಿದರೆ ನಡುವೆ ಪಟ್ಟನೆ ಕಿತ್ತುಹೋಗುತ್ತೆ. ಮುಂದಿನ ಕೋಣೆಯಲ್ಲಿ ಸಂಗೀತ ಪಾಠದ ಮಕ್ಕಳಿಗೆ ಹಾಸುತ್ತಿದ್ದ ಜಮಖಾನೆಯನ್ನು ಸುತ್ತಿ ಅಟ್ಟಕ್ಕೆ ಹಾಕಿಸಿದ್ದೇನೆ.

ಮಧ್ಯಾಹ್ನ ನೀಲಾಂಬಿಕಾ ಸಂಕ್ರಾಂತಿಯ ಎಳ್ಳು ಬೀರಲು ಬಂದಳು. ಅವಳಪ್ಪ ಮುರಿಗೆಪ್ಪ ಬಾಗಲಕೋಟೆ ಕಡೆಯಿಂದ ಬಂದು ವರ್ತೂರು ರಸ್ತೆಯ ಅಪಾರ್ಟ್‌ಮೆಂಟುಗಳಿಗೆಲ್ಲ ಟೈಲ್ಸ್ ಹಾಕುವವನು. ಈ ಹುಡುಗಿ ಲಂಗ ಹಾಕಿಕೊಳ್ಳುವ ಕಾಲದಿಂದ ನನ್ನ ಹತ್ತಿರ ಪಾಠ ಹೇಳಿಸಿಕೊಂಡವಳು. ನನ್ನ ಮಕ್ಕಳಲ್ಲೆಲ್ಲ ಇವಳ ಕಂಠವೇ ಕಂಠ. "ಯಾವಾಗಿಂದ ಬರ್ಲಿ ಟೀಚರ್?" ಅಂದಳು.

"ಬರ್ಬೇಡ. ಬೇರೆ ಯಾರನ್ನಾದ್ರೂ ನೋಡ್ಕೋ. ಮೇಲಿನ ಷಡ್ಜ ತೋರಿಸಿಕೊಡೋಕಾಗ್ದೇ ಇರೋಳು ಯಾವ ಸೀಮೆ ಟೀಚರು?"

ಬಾಗಿಲಲ್ಲಿ ಕಣ್ಣೊರೆಸಿಕೊಂಡು ಹೋದಳು. ನಾನು ಎಳ್ಳು ತಿನ್ನಲಿಲ್ಲ.

ಪಕ್ಕದ ಮನೆಯ ಸಾಲೋಮಿ ಗೋಡೆಯಾಚೆ ಏನೋ ಹಾಡುತ್ತಿದ್ದಾಳೆ. ರಾಗವೂ ಇಲ್ಲ, ತಲೆಬುಡವೂ ಇಲ್ಲ. ಒಂದೇ ಸ್ವರವನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದಾಳೆ.

ಜನವರಿ ೨೧, ಶನಿವಾರ

ಇವತ್ತೂ ಅದೇ. ತಡೆಯಲಾರದೆ ಹೋಗಿ ಬೆಲ್ ಒತ್ತಿದೆ. ಸಾಲೋಮಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ತುಂಬ ಸಾಧು. ತಾಯಿ ಹೋಗಿ ಇನ್ನೂ ವರ್ಷ ತುಂಬಿಲ್ಲ, ಒಬ್ಬಳೇ ಇರುತ್ತಾಳೆ. ಹಾಗಾಗಿ ಮೆತ್ತಗೇ ಹೇಳಿದೆ: "ಸಾಲೋಮಿ, ಆ ಹಾಡನ್ನ ಯಾರು ಹೇಳಿಕೊಟ್ರೋ, ತಪ್ಪು ಹೇಳಿಕೊಟ್ಟಿದ್ದಾರೆ ಕಣಮ್ಮ. ಅದಕ್ಕೊಂದು ಧಾಟಿ ಬೇಡ್ವಾ?"

ಅವಳು ನಕ್ಕುಬಿಟ್ಟಳು. "ಅಯ್ಯೋ ಅಕ್ಕ, ಧಾಟಿ ನನ್ನ ಹತ್ರ ಇಲ್ಲ. ಅದು ಸೊಪ್ರಾನೋದವ್ರ ಹತ್ರ ಇದೆ. ನಾನು ಆಲ್ಟೋ."

ಈಸ್ಟರಿಗೆ ಚರ್ಚಿನಲ್ಲಿ ಒಂದು ಆ್ಯಂಥಮ್ ಹಾಡುತ್ತಾರಂತೆ. ಸಭೆಯವರೆಲ್ಲ ಸುಮ್ಮನೆ ಕೂತು ಕೇಳಬೇಕು, ಕ್ವಾಯರಿನವರು ಮಾತ್ರ ಹಾಡಬೇಕು, ಅಂಥ ಹಾಡಂತೆ. ನಾಲ್ಕು ಗುಂಪು, ನಾಲ್ಕು ಬೇರೆ ಬೇರೆ ಸಾಲು, ಏಕಕಾಲಕ್ಕೆ. ಹೆಂಗಸರಲ್ಲಿ ಮೇಲೆ ಹಾಡುವವರು ಸೊಪ್ರಾನೋ, ಕೆಳಗೆ ಹಾಡುವವರು ಆಲ್ಟೋ. ಗಂಡಸರಲ್ಲೂ ಹಾಗೇ, ಟೆನರ್, ಬೇಸ್. ಒಂದೇ ಪಂಕ್ತಿಯಲ್ಲಿ ನಾಲ್ಕು ಜನ ನಾಲ್ಕು ಊಟ ಮಾಡಿದ ಹಾಗಾಯಿತಲ್ಲ, ಅದು ಎಂಥ ಹಾಡು?

"ಗುರುವಾರ ಪ್ರಾಕ್ಟೀಸಿಗೆ ಬನ್ನಿ ಅಕ್ಕ, ಸುಮ್ನೆ ಕೇಳಿ," ಅಂದಳು. ನನಗೇನು ಬೇರೆ ಕೆಲಸವಿಲ್ಲವೇ? ಇಲ್ಲ ಅನ್ನುವುದು ಬೇರೆ ಮಾತು.

ಫೆಬ್ರವರಿ ೨, ಗುರುವಾರ

ಹೋಗಿದ್ದೆ. ಅದನ್ನು ಬರೆಯದೆ ಮಲಗಲಾರೆ.

ಹಳೇ ಕಲ್ಲಿನ ಚರ್ಚು. ಹೊರಗೆ ಐಟಿ ಕಂಪನಿಗಳ ಬಸ್ಸು, ನೀರಿನ ಟ್ಯಾಂಕರು, ಕಿವಿ ಹರಿದುಹೋಗುವ ಹಾರನ್ನು. ಬಾಗಿಲು ಹಾಕಿದರೆ ಒಳಗೆ ತಣ್ಣಗೆ. ಸುಗಂಧರಾಜ್ ಮಾಸ್ಟರ್ ಅಂತ, ಎಪ್ಪತ್ತು ದಾಟಿದ ಸಣಕಲು ಮನುಷ್ಯ, ಕೈ ಬೀಸಿ ಹಾಡಿಸುತ್ತಾರೆ. ಮೊದಲು ಸೊಪ್ರಾನೋದವರನ್ನು ಹಾಡಿಸಿದರು. ಇದು ಪರವಾಗಿಲ್ಲ, ಧಾಟಿ ಇದೆ. ಆಮೇಲೆ ಸಾಲೋಮಿ ಒಬ್ಬಳೇ ಎದ್ದು ತನ್ನ ಕುಟ್ಟಾಣಿ ಕುಟ್ಟಿದಳು. ಆಲ್ಟೋದಲ್ಲಿ ಅವಳೊಬ್ಬಳೇ ಅಂತೆ. ಅವಳಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದರಂತೆ. ಟೆನರಿನ ಹುಡುಗರು ಏನೋ ಕೂಗಿದರು. ಬೇಸಿಗೆ ದೇವಪುತ್ರಪ್ಪ ಅಂತ ಗದಗ ಕಡೆಯವನು, ಕಂಪನಿ ಬಸ್ಸಿನ ಡ್ರೈವರು. ಅವನ ಧ್ವನಿ ಬಾವಿಯ ಒಳಗಿಂದ ಬಂದ ಹಾಗೆ ಬಂತು. ನಾಲ್ಕೂ ಬಿಡಿಬಿಡಿಯಾಗಿ ಕೇಳಿ, ಇದೇನು ಕರ್ಮ ಅಂದುಕೊಂಡೆ.

ಆಮೇಲೆ ಮಾಸ್ಟರು ಎರಡೂ ಕೈ ಎತ್ತಿದರು.

ಹೇಗೆ ಹೇಳುವುದು? ಸಾಲೋಮಿಯ ಆ ಒಂದೇ ಸ್ವರ ಅಲ್ಲಿಯೇ ಇತ್ತು. ಆದರೆ ಸುತ್ತ ಉಳಿದವರು ಬದಲಾಗುತ್ತ ಹೋದ ಹಾಗೆ ಅದು ಒಮ್ಮೆ ಅಳುವಂತೆ, ಒಮ್ಮೆ ಕೇಳುವಂತೆ, ಒಮ್ಮೆ ಒಪ್ಪಿಕೊಂಡಂತೆ ಕೇಳಿಸಿತು. ನಾನು ಹುಟ್ಟಿದಾಗಿನಿಂದ ಸ್ವರದ ಹಿಂದೆ ಸ್ವರ ಬರುವುದನ್ನು ಕೇಳಿದವಳು. ಸ್ವರದ ಮೇಲೆ ಸ್ವರ ನಿಲ್ಲುವುದನ್ನು ಹೀಗೆ ಎದುರಿಗೆ ಕೂತು ಕೇಳಿರಲಿಲ್ಲ. ಮೈಮೇಲೆ ಮುಳ್ಳೆದ್ದಿತು. ಅಷ್ಟೇ ಅಲ್ಲ, ಅಳುವೂ ಬಂತು. ಸೆರಗಿನಲ್ಲಿ ಮೂಗೊರೆಸಿಕೊಂಡಿದ್ದನ್ನು ಮಾಸ್ಟರು ನೋಡಿದರು ಅನಿಸುತ್ತೆ.

ನೂರು ವರ್ಷದ ಹಿಂದೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ಆರ್ಗನ್ ನುಡಿಸುವವನೊಬ್ಬ ಬರೆದದ್ದಂತೆ. ಪ್ರತಿಯಲ್ಲಿ ಹೆಸರಿನ ಜಾಗ ಹರಿದುಹೋಗಿದೆ. ಹೆಂಗಸರು ನಸುಕಿನಲ್ಲಿ, ಶಿಲುಬೆಗೇರಿದ ತಮ್ಮ ಸ್ವಾಮಿಯ ಸಮಾಧಿಗೆ ಹೋಗುತ್ತಾರೆ, ಬಾಗಿಲಿಗೆ ಅಡ್ಡ ಇಟ್ಟಿರುವ ಕಲ್ಲನ್ನು ಯಾರು ಸರಿಸುತ್ತಾರೆ ಅಂತ ದಾರಿಯುದ್ದಕ್ಕೂ ಕೇಳಿಕೊಳ್ಳುತ್ತಾರೆ. ಹೋಗಿ ನೋಡಿದರೆ ಕಲ್ಲು ಆಗಲೇ ಸರಿದಿದೆ. ಇಷ್ಟೇ ಸಾಹಿತ್ಯ.

ಫೆಬ್ರವರಿ ೬, ಸೋಮವಾರ

"ಅಮ್ಮನ ಜಾಗಕ್ಕೆ ನೀವು ಬನ್ನಿ ಅಕ್ಕ. ಆರೇ ಸ್ವರ. ಮೇಲೆ ಹೋಗೋದೇ ಇಲ್ಲ," ಅಂತಾಳೆ ಸಾಲೋಮಿ. ಆಗೋದಿಲ್ಲ ಅಂದೆ. ನಾನು ಹಾಡುವುದಿಲ್ಲ. ಇದನ್ನು ಇಲ್ಲಿಯೂ ಬರೆದಿಟ್ಟಿದ್ದೇನೆ.

ಫೆಬ್ರವರಿ ೯, ಗುರುವಾರ

ಸುಮ್ಮನೆ ಹೋಗಿ ನಿಂತೆ ಅಷ್ಟೇ.

ಅವರದು ಡೋ ರೇ ಮೀ, ನಮ್ಮ ಸರಿಗಮದ ಥರವೇ. ಹಾಗಾಗಿ ಬೇಗ ಹಿಡಿದೆ. ಆದರೆ ಮೂರನೇ ಸ್ವರಕ್ಕೇ ಮಾಸ್ಟರು ಕೈ ತಟ್ಟಿ ನಿಲ್ಲಿಸಿದರು. "ಮೇಡಂ, ಸ್ವರ ಅಲ್ಲಾಡಿಸ್ಬೇಡಿ. ನೇರ ಬಿಡಿ."

"ಅಲ್ಲಾಡಿಸೋದಲ್ಲ ಸಾರ್, ಅದು ಗಮಕ."

"ಗಮಕಾನೋ ಏನೋ. ನೀವು ಅಲ್ಲಾಡಿದ್ರೆ ನಿಮ್ಮ ಮೇಲೆ ನಿಂತಿರೋರು ಬೀಳ್ತಾರೆ."

ದೇವಪುತ್ರಪ್ಪ ಹಿಂದಿನಿಂದ, "ಅಕ್ಕಾರ, ಬಸ್ಸಿನ್ಯಾಗ ಮಂದಿ ನಿಂತಾಗ ಡ್ರೈವರ್ ಸ್ಟೇರಿಂಗ್ ಅಲ್ಲಾಡ್ಸಬಾರ್ದ್ರಿ, ಹಂಗ!" ಅಂದ. ಎಲ್ಲರೂ ನಕ್ಕರು. ಗುರುಗಳ ಕೈಲಿ ಏಟು ತಿಂದು ಕಲಿತ ಗಮಕ! ಮೂವತ್ತು ವರ್ಷ ಪಾಠ ಹೇಳಿದವಳಿಗೆ ಇವರು ನೇರ ಸ್ವರ ಕಲಿಸುತ್ತಾರಂತೆ. ಮನೆಗೆ ಬಂದು ಇವರ ಮೇಲೆ ಕೂಗಾಡಿದೆ. ಮಾತಾಡಬಾರದು ಅನ್ನುವುದೂ ಮರೆತುಹೋಯಿತು.

ಇವರು, "ಮುಂದಿನ ಗುರುವಾರ ನಾನೇ ಸ್ಕೂಟರಲ್ಲಿ ಬಿಡ್ತೀನಿ ಬಿಡು," ಅಂದರು. ಹೋಗುತ್ತೇನೆ ಅಂತ ಯಾರು ಹೇಳಿದರು ಇವರಿಗೆ?

ಫೆಬ್ರವರಿ ೨೩, ಗುರುವಾರ

ಇವತ್ತು ಮರ್ಯಾದೆ ಹೋಯಿತು.

ಆ್ಯಂಥಮಿನ ನಡುವೆ ಒಂದು ಜಾಗ ಇದೆ. ಕಲ್ಲನ್ನು ಸರಿಸುವವರು ಯಾರು ಅಂತ ಎಲ್ಲರೂ ಕೇಳಿ ಕೇಳಿ ಸುಮ್ಮನಾಗುತ್ತಾರೆ. ಆಲ್ಟೋ ಮಾತ್ರ ಒಂದು ಸ್ವರವನ್ನು ಹಿಡಿದು ನಿಲ್ಲಬೇಕು. ಅಷ್ಟು ಹೊತ್ತಿಗೆ ಹಾಡು ಬಂದು ಆ ಸ್ವರದ ಮೇಲೇ ಕೂತಿರುತ್ತೆ, ಅದೇ ಷಡ್ಜ. ಸುಖವಾಗಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಕೆಳಗಿಂದ ದೇವಪುತ್ರಪ್ಪನ ಬೇಸು ಬೇರೆಲ್ಲೋ ಬಂದು ಕೂರುತ್ತೆ. ಷಡ್ಜವೇ ಕೆಳಕ್ಕಿಳಿದು ಹೋಗುತ್ತೆ! ನಾನು ಗಾಬರಿಯಾಗಿ ಅದರ ಹಿಂದೆಯೇ ಜಾರಿದೆ. ಜೊತೆಗೆ ಸಾಲೋಮಿಯೂ ಜಾರಿದಳು. ಸೊಪ್ರಾನೋ ಬಂದು ನೋಡಿದರೆ ನಾವು ಇರಬೇಕಾದ ಜಾಗದಲ್ಲಿ ಇಲ್ಲ. ಎಲ್ಲ ಕಲಸುಮೇಲೋಗರ.

ಮತ್ತೆ ಹಾಡಿಸಿದರು. ಮತ್ತೆ ಜಾರಿದೆ. ಎಷ್ಟು ಸಲವೋ.

"ಮೇಡಂ," ಅಂದರು ಮಾಸ್ಟರು, ಸಿಟ್ಟಿಲ್ಲದೆ, ಅದೇ ಕಷ್ಟ, "ನೀವು ಎಲ್ಲೂ ಹೋಗ್ಬೇಡಿ. ಅವ್ನು ಹೋಗ್ಲಿ. ನೀವು ನಿಂತಲ್ಲೇ ನಿಂತ್ಕೊಳಿ."

ನಿಲ್ಲುವುದು ಹೇಗೆ ಸ್ವಾಮಿ? ಹಾಡುವವಳು ಷಡ್ಜವನ್ನು ಬಿಟ್ಟು ಬದುಕುವುದುಂಟೇ? ಶ್ರುತಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಸೇರು ಅಂತಲೇ ನನಗೆ ಕಲಿಸಿದ್ದು. ಶ್ರುತಿ ಎದ್ದು ಬೇರೆ ಮನೆಗೆ ಹೋಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಫೆಬ್ರವರಿ ೨೬, ಭಾನುವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತಿದ್ದಾಗ ಹೊಳೆಯಿತು. ಇದು ನಮ್ಮ ಗ್ರಹಭೇದ ಅಲ್ಲವೇ? ಹಾಡುತ್ತಿರುವ ಸ್ವರಗಳನ್ನು ಹಾಗೇ ಇಟ್ಟು ಷಡ್ಜವನ್ನು ಮಾತ್ರ ಬೇರೆ ಸ್ವರಕ್ಕೆ ವರ್ಗಾಯಿಸಿದರೆ ಇನ್ನೊಂದೇ ರಾಗ ಹುಟ್ಟುತ್ತೆ. ವಿದ್ವಾಂಸರು ಕಚೇರಿಯಲ್ಲಿ ಅಪರೂಪಕ್ಕೆ ತೋರಿಸಿ ಚಪ್ಪಾಳೆ ಗಿಟ್ಟಿಸುವ ಚಮತ್ಕಾರ. ಆ ಹರಿದ ಹೆಸರಿನ ಇಂಗ್ಲಿಷಿನವನು ಅದನ್ನು ಚಮತ್ಕಾರಕ್ಕೆ ಬಳಸಿಲ್ಲ, ಕಲ್ಲು ಸರಿಸುವುದಕ್ಕೆ ಬಳಸಿದ್ದಾನೆ!

ಬೀನ್ಸ್ ಬಿಟ್ಟು ಎದ್ದು ಶ್ರುತಿ ಪೆಟ್ಟಿಗೆ ತೆಗೆದೆ. ಆಪರೇಷನ್ ಆದ ಮೇಲೆ ಮುಟ್ಟಿರಲಿಲ್ಲ, ಧೂಳು ಹಿಡಿದಿತ್ತು. ಇವರನ್ನು ಕರೆದು ಕೂರಿಸಿ, "ನಾನು ಹಿಡಿದಿರ್ತೀನಿ, ಕೈ ತೋರಿಸಿದ ತಕ್ಷಣ ಈ ಗುಂಡಿಯನ್ನ ಇಲ್ಲಿ ತನಕ ಇಳಿಸಿ," ಅಂದೆ. ಷಡ್ಜ ಹಿಡಿದೆ. ಕೈ ತೋರಿಸಿದೆ. ಇವರು ಇಳಿಸಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಲ್ಲೇ ನಿಂತೆ. ನನ್ನ ಷಡ್ಜ ಗಾಂಧಾರವಾಗಿಬಿಟ್ಟಿತು. ನಾನು ಕೂದಲೆಳೆಯಷ್ಟೂ ಕದಲಿರಲಿಲ್ಲ.

"ಏನೇ ಇದು, ಕತ್ತಲೆ ಕೋಣೆಯಲ್ಲಿ ಲೈಟ್ ಹಾಕಿದಂಗಾಯ್ತಲ್ಲ!" ಅಂದರು ಇವರು. ಇವರಿಗೆ ಸಂಗೀತದ ಗಂಧಗಾಳಿಯೂ ಇಲ್ಲ. ಮದುವೆಯಾದಾಗಿನಿಂದ ನನ್ನ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತಪ್ಪು ತಾಳ ಹಾಕಿದವರು. ಇನ್ನೊಂದು ಸಲ ಮಾಡು ಅಂದರು. ಮಾಡಿದೆ. ಮತ್ತೊಂದು ಸಲ. ಪಲ್ಯ ಸಂಜೆಗೆ ಆಯಿತು.

ಮಾರ್ಚ್ ೧, ಗುರುವಾರ

ಜಾರಲಿಲ್ಲ. ಮಾಸ್ಟರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಅವರ ಕಡೆಯಿಂದ ಅಷ್ಟು ಬರುವುದು ದೊಡ್ಡದಂತೆ.

ಮಾರ್ಚ್ ೧೫, ಗುರುವಾರ

ಬರೆಯಲು ಮನಸ್ಸಿಲ್ಲ. ಇವತ್ತು ಆ ಸ್ವರ ಹಿಡಿದಾಗ ಗಂಟಲು ಕಿತ್ತುಹೋಯಿತು. ನಡುವೆಯೇ, ಎಲ್ಲರೂ ಸುಮ್ಮನಿದ್ದಾಗ, ಬಟ್ಟೆ ಹರಿದ ಹಾಗೆ ಸದ್ದು. ಕಿತ್ತುಹೋದ ಮೇಲೆ ಬರೀ ಗಾಳಿ. ಹಾಳೆಯನ್ನು ಕುರ್ಚಿಯ ಮೇಲಿಟ್ಟು ಚಪ್ಪಲಿ ಹುಡುಕಿದೆ.

ಸಾಲೋಮಿ ಕೈ ಹಿಡಿದು ಎಳೆದಳು. "ಎಲ್ಲಿಗೆ ಅಕ್ಕ? ನಿಮ್ಮದು ನಿಂತ್ರೆ ನನ್ನದು ಇರುತ್ತಲ್ಲ. ಇಷ್ಟುದ್ದ ಸ್ವರವನ್ನ ಯಾರು ಒಂದೇ ಉಸಿರಲ್ಲಿ ಹಿಡೀತಾರೆ? ನೀವು ಉಸಿರು ತಗೊಳ್ಳೋವಾಗ ನಾನು ಹಿಡಿದಿರ್ತೀನಿ, ನಾನು ತಗೊಳ್ಳೋವಾಗ ನೀವು. ಮೆಲ್ಲಗೆ ಬಿಡೋದು, ಮೆಲ್ಲಗೆ ಬಂದು ಸೇರ್ಕೊಳ್ಳೋದು. ಕೂತಿರೋರಿಗೆ ಗೊತ್ತೇ ಆಗಲ್ಲ. ಅಮ್ಮ ನಾನು ಹಂಗೇ ಮಾಡ್ತಿದ್ದಿದ್ದು."

ಅವಳಮ್ಮನಿಗೆ ಕೊನೆಗೆ ಶ್ವಾಸಕೋಶ ಅರ್ಧ ಕೆಲಸ ಮಾಡುತ್ತಿರಲಿಲ್ಲವಂತೆ. ಆದರೂ ಹೋದ ಈಸ್ಟರಿಗೆ ಹಾಡಿದರಂತೆ. ಯಾರಿಗೂ ತಿಳಿಯಲಿಲ್ಲವಂತೆ.

ನನ್ನ ಸಂಗೀತದಲ್ಲಿ ನನ್ನ ಉಸಿರು ನನ್ನದೇ. ಕಿತ್ತುಹೋದರೆ ಎಲ್ಲರೆದುರು ಕಿತ್ತುಹೋಗುತ್ತೆ. ಇನ್ನೊಬ್ಬರ ಉಸಿರಿನ ಮೇಲೆ ನಿಲ್ಲುವುದು ನನಗೆ ಒಗ್ಗುವುದಿಲ್ಲ. ಆದರೂ ಮತ್ತೆ ನಿಂತು ಹಾಡಿದೆ. ಎರಡು ಸಲ ಕಿತ್ತಿತು. ಎರಡು ಸಲವೂ ಸಾಲೋಮಿ ಇದ್ದಳು. ಮಾಸ್ಟರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗದವರ ಹಾಗೆ ಇದ್ದರು.

ಮಾರ್ಚ್ ೨೩, ಯುಗಾದಿ

ಅನುಸೂಯಮ್ಮ ಬಂದಿದ್ದರು, ಇವರ ಅಕ್ಕ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಏನೋ ಶಾಮೂ, ಇವಳು ಚರ್ಚಿಗೆ ಹೋಗ್ತಾಳಂತೆ, ಏನು ಜಾತಿ ಕೆಟ್ಟಳೋ?" ಅಂದರು.

"ಹಾಡಕ್ಕೆ ಹೋಗ್ತೀನಿ ಅತ್ತಿಗೆ. ಬರೋವಾಗ ನಾನಾಗೇ ಬರ್ತೀನಿ," ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಈಸ್ಟರಿಗೆ ಕ್ವಾಯರಿನ ಹೆಂಗಸರೆಲ್ಲ ಬಿಳಿ ಸೀರೆ ಉಡಬೇಕು ಅನ್ನುವುದನ್ನೂ ಬಾಯಿ ತಪ್ಪಿ ಹೇಳಿಬಿಟ್ಟೆ. ಅನುಸೂಯಮ್ಮನ ಕೈಯ ಹೋಳಿಗೆ ಅಲ್ಲೇ ನಿಂತಿತು.

"ಮುತ್ತೈದೆ ಬಿಳಿ ಸೀರೆ ಉಡೋದಾ? ಗಂಡ ಇನ್ನೂ ಬದುಕಿದ್ದಾನೆ ಕಣೇ!"

ಇವರು ಎಲೆಯಿಂದ ತಲೆಯೆತ್ತದೆ, "ಬದುಕಿದ್ದೀನಿ ಅಂತಾನೇ ಅಕ್ಕ, ನಾನೇ ಅಂಗಡಿಗೆ ಹೋಗಿ ತಂದ್ಕೊಡ್ತೀನಿ. ಇನ್ನೊಂದು ಹೋಳಿಗೆ ಹಾಕ್ಲಾ?" ಅಂದರು.

ಈ ಮನುಷ್ಯನ ಹೆಸರನ್ನು ನೂರು ಸಲ ಬರೆಯಬಹುದು.

ಏಪ್ರಿಲ್ ೧, ಶ್ರೀರಾಮನವಮಿ

ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಪ್ರತಿ ವರ್ಷ ಈ ದಿನ ನನ್ನ ಕಚೇರಿ. ಈ ವರ್ಷ ನೀಲಾಂಬಿಕಾಳದು. ಬೇರೆ ಗುರುಗಳ ಹತ್ತಿರ ಹೋಗಿಲ್ಲವಂತೆ, ನಾನು ಹೇಳಿಕೊಟ್ಟಿದ್ದನ್ನೇ ತಾನೇ ಅಭ್ಯಾಸ ಮಾಡಿಕೊಂಡಿದ್ದಾಳೆ. ಹೋಗುವುದಿಲ್ಲ ಅಂತ ಬೆಳಗ್ಗೆವರೆಗೂ ಕೂತಿದ್ದೆ. ಆಮೇಲೆ ಹೋಗಿ ಕೊನೆಯಲ್ಲಿ ಪಾನಕದ ಹಂಡೆಯ ಪಕ್ಕ ಕೂತೆ.

ಚೆನ್ನಾಗಿ ಹಾಡಿದಳು. ಆದರೆ ಮೇಲಿನ ಷಡ್ಜಕ್ಕೆ ಬಂದಾಗಲೆಲ್ಲ ಮುಟ್ಟಿ ಓಡಿಬರುತ್ತಾಳೆ. ಬಿಸಿ ಪಾತ್ರೆ ಮುಟ್ಟಿದ ಹಾಗೆ. ಅಲ್ಲಿ ನಿಲ್ಲುವ ಧೈರ್ಯವಿಲ್ಲ. ಮುರಿಗೆಪ್ಪ ನನ್ನನ್ನು ನೋಡಿ ಬಂದು, "ನೀವು ಇದ್ದಿದ್ರ ಇನ್ನಾ ಚೊಲೋ ಹಾಡತಿದ್ಲು ಟೀಚರ್," ಅಂದ. ಹುಡುಗಿಯನ್ನು ಮಾತಾಡಿಸದೆ ಬಂದೆ.

ಏಪ್ರಿಲ್ ೭, ಶನಿವಾರ

ನಾಳೆ. ಸ್ವರ ಕಿತ್ತುಹೋದರೆ? ಸಾಲೋಮಿ ಇದ್ದಾಳೆ. ಆದರೂ.

ಜರಿ ಅಂಚಿನ ಬಿಳಿ ಸೀರೆ ಇಸ್ತ್ರಿಯಾಗಿ ಕುರ್ಚಿಯ ಮೇಲಿದೆ. ಇವರು ತಾವೂ ಬರುತ್ತಾರಂತೆ. ಚರ್ಚಿನಲ್ಲಿ ಪಂಚೆ ಉಟ್ಟರೆ ನಡೆಯುತ್ತಾ ಅಂತ ಮೂರು ಸಲ ಕೇಳಿದರು.

ಏಪ್ರಿಲ್ ೮, ಈಸ್ಟರ್ ಭಾನುವಾರ

ನಿಧಾನವಾಗಿ ಬರೆಯಬೇಕು.

ಬೆಳಗಿನ ಆರಾಧನೆ. ಚರ್ಚು ತುಂಬಿ ಜನ ಹೊರಗೂ ನಿಂತಿದ್ದರು. ಇವರು ಪಂಚೆ ಶಲ್ಯದಲ್ಲಿ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತರು. ಮಾಸ್ಟರು ಎದ್ದು ನಿಂತು ಸಭೆಗೆ ಬೆನ್ನು ಮಾಡಿ ಕೈ ಎತ್ತಿದರು.

ದೇವಪುತ್ರಪ್ಪನ ಬೇಸು ನೆಲದಿಂದ ಎದ್ದಿತು. ಅದರ ಮೇಲೆ ಟೆನರು, ಆಮೇಲೆ ನಾವು, ಕೊನೆಗೆ ಸೊಪ್ರಾನೋ. ಹೆಂಗಸರು ಕತ್ತಲಲ್ಲಿ ನಡೆಯುತ್ತಿದ್ದಾರೆ. ನಮ್ಮ ಸಾಲು ಸೊಪ್ರಾನೋದ ನೆರಳಿನಲ್ಲಿ ಹೋಗುತ್ತೆ, ಒಂದು ಕಡೆ ಮಾತ್ರ ಅದಕ್ಕೆ ಅಡ್ಡ ನಿಂತು ತಾನೂ ಕೇಳುತ್ತೆ, ಯಾರು ಸರಿಸುತ್ತಾರೆ ಅಂತ. ಎಂಥ ಜಾಣ ಅವನು, ಆ ಹಳ್ಳಿಯ ಆರ್ಗನ್ನಿನವನು! ಎದುರಿಗಿದ್ದಿದ್ದರೆ ಶಾಲು ಹೊದಿಸುತ್ತಿದ್ದೆ.

ಆ ಜಾಗ ಬಂತು. ಎಲ್ಲರೂ ನಿಂತರು. ನಾನು, ಸಾಲೋಮಿ, ಒಂದು ಸ್ವರ. ನಾನು ಮೊದಲು ಉಸಿರು ತೆಗೆದುಕೊಳ್ಳಬೇಕು, ಅವಳು ಹಿಡಿದಿರಬೇಕು, ಹಾಗೆ ಮಾತಾಗಿತ್ತು. ತೆಗೆದುಕೊಂಡೆ, ಮೆಲ್ಲಗೆ ಬಂದು ಸೇರಿದೆ. ಇನ್ನು ಅವಳ ಸರದಿ. ಬಿಟ್ಟಳು. ಬರಲಿಲ್ಲ.

ಓರೆಗಣ್ಣಿನಲ್ಲಿ ನೋಡಿದೆ. ಸಾಲೋಮಿಯ ಬಾಯಿ ತೆರೆದಿದೆ, ಧ್ವನಿಯಿಲ್ಲ. ಕಣ್ಣಿಂದ ನೀರು ಧಾರಾಕಾರ. ಅವಳಮ್ಮ ನಿಲ್ಲುತ್ತಿದ್ದ ಜಾಗ, ಅವಳಮ್ಮ ಹಿಡಿಯುತ್ತಿದ್ದ ಸ್ವರ. ಪಾಪದ ಹುಡುಗಿ, ಇಷ್ಟು ದಿನ ನನ್ನನ್ನು ಎತ್ತಿ ಹಿಡಿದು ಹಿಡಿದು ತಾನು ಅಳುವುದನ್ನು ಮರೆತಿದ್ದಳು.

ಇಡೀ ಚರ್ಚಿನಲ್ಲಿ ಆಗ ನನ್ನದೊಂದೇ ಧ್ವನಿ. ಗಮಕವಿಲ್ಲ, ಅಲಂಕಾರವಿಲ್ಲ, ತಂಬೂರಿಯಿಲ್ಲ. ಗಂಟಲಿನಲ್ಲಿ ಆ ಹರಿಯುವ ಜಾಗ ನಡುಗುತ್ತಿರುವುದು ಗೊತ್ತಾಗುತ್ತಿತ್ತು. ಹರಿಯಬೇಡ, ಹರಿಯಬೇಡ ಕಣೇ ಅಂತ ಅದಕ್ಕೇ ಹೇಳಿಕೊಂಡೆ. ಎಡಗೈಯಿಂದ ಸಾಲೋಮಿಯ ಕೈ ಹಿಡಿದೆ. ಅವಳಿಗೂ ಸೇರಿಸಿ ಹಾಡುತ್ತಿದ್ದೇನೆ ಅಂದುಕೊಂಡ ಮೇಲೆ ಎಲ್ಲಿಂದಲೋ ಉಸಿರು ಬಂತು. ಮಾಸ್ಟರು ನನ್ನನ್ನೇ ನೋಡುತ್ತ ಕೈಯನ್ನು ಇಳಿಸದೆ ಹಿಡಿದಿದ್ದರು. ಪುಣ್ಯಾತ್ಮ, ಪ್ರಾಕ್ಟೀಸಿನಲ್ಲಿ ಹಿಡಿಸಿದ್ದಕ್ಕಿಂತಲೂ ಹೆಚ್ಚು ಹೊತ್ತು!

ಆಮೇಲೆ ಕೆಳಗೆ ದೇವಪುತ್ರಪ್ಪ ಬಂದು ಕೂತ. ನೆಲ ಸರಿಯಿತು. ನನ್ನ ಷಡ್ಜ ನಿಂತಲ್ಲೇ ಗಾಂಧಾರವಾಯಿತು. ಅದರ ಮೇಲೆ ಟೆನರು ತೆರೆದುಕೊಂಡಿತು, ಸೊಪ್ರಾನೋ ಹಾರಿಬಂತು, ಇಡೀ ಚರ್ಚು ಝಲ್ಲೆಂದಿತು. ಸಾಲೋಮಿಯೂ ಅಳುತ್ತಲೇ ಬಂದು ಸೇರಿದಳು. ಮುಂದಿನದೆಲ್ಲ ಬರೀ ಬೆಳಕು. ಹಾಡಿದೆವು, ಹಾಡಿದೆವು, ಹಾಡಿಬಿಟ್ಟೆವು!

ಮುಗಿಯಿತು. ಅಲ್ಲಿ ಆ್ಯಂಥಮಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ದೇವರಿಗೆ ಹಾಡಿದ್ದು, ಸುಮ್ಮನೆ ಕೂತು ಮನಸ್ಸಿನಲ್ಲೇ ಒಪ್ಪಿಸಬೇಕು. ಅದು ಅವರ ಪದ್ಧತಿ. ಸೂಜಿ ಬಿದ್ದರೂ ಕೇಳುವಂಥ ಮೌನ. ಆ ಮೌನದಲ್ಲಿ ಹಿಂದಿನ ಬೆಂಚಿನಿಂದ, ಕಚೇರಿಯ ಮುಂದಿನ ಸಾಲಿನಲ್ಲಿ ಕೂತು ಅಭ್ಯಾಸವಾದ ನನ್ನ ಗಂಡ, ತೊಡೆ ತಟ್ಟಿಕೊಂಡು ಗಟ್ಟಿಯಾಗಿ ಕೂಗಿದರು:

"ಭೇಷ್!"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಇವರು ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ನಮ್ಮ ಹಿಂದಿನಿಂದ ದೇವಪುತ್ರಪ್ಪ ತನ್ನ ಬಾವಿಯ ಧ್ವನಿಯಲ್ಲಿ, "ಆಮೆನ್!" ಅಂದ. ಯಾರೋ ಅಜ್ಜಿ ಆಮೆನ್ ಅಂದರು. ಆಮೇಲೆ ಇಡೀ ಸಭೆ, ಹೊರಗೆ ನಿಂತವರೂ ಸೇರಿ, ಒಟ್ಟಿಗೆ. ಪಾದ್ರಿಗಳೂ ನಕ್ಕರು.

ಹೊರಗೆ ಬಂದಾಗ ಇವರು ತಪ್ಪಿತಸ್ಥರ ಹಾಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಮಾಸ್ಟರು ನೇರ ಅವರ ಹತ್ತಿರ ಹೋದರು. ಬೈಯುತ್ತಾರೆ ಅಂದುಕೊಂಡೆ. "ನಲವತ್ತು ವರ್ಷದಿಂದ ಆ್ಯಂಥಮ್ ಹಾಡಿಸ್ತಿದೀನಿ ಸಾರ್. ಒಬ್ರೂ ಭೇಷ್ ಅಂದಿರ್ಲಿಲ್ಲ," ಅಂದು ಕೈ ಕುಲುಕಿದರು. ಬಿಡಲೇ ಇಲ್ಲ ಕೈಯನ್ನು.

ಸಾಲೋಮಿ ನನ್ನನ್ನು ತಬ್ಬಿಕೊಂಡಳು. ಹೊಸ ಸೀರೆಯ ಹೆಗಲು ಪೂರ್ತಿ ಒದ್ದೆ.

ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ಇವರನ್ನು ಮನೆಯವರೆಗೂ ಬೈದೆ. ಕೇಳುಗರಿಗೆ ಅಷ್ಟೂ ಸಂಸ್ಕಾರ ಬೇಡವೇ, ಎಲ್ಲಿ ಏನು ಅನ್ನಬೇಕು ಅಂತ ಗೊತ್ತಾಗುವುದಿಲ್ಲವೇ, ಅಂತ. ಇವರು ನಗುತ್ತಲೇ ಗಾಡಿ ಓಡಿಸಿದರು. ಬೈಯುವ ಧ್ವನಿ ಎಲ್ಲೂ ಕಿತ್ತುಹೋಗಲಿಲ್ಲ.

ಏಪ್ರಿಲ್ ೧೪, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಪೆಂತೆಕೊಸ್ತೆ ಹಬ್ಬಕ್ಕೆ ನಮ್ಮ ಮುಂದಿನ ಆ್ಯಂಥಮ್ ಬಂದಿದೆ. ನಮ್ಮ ಆಲ್ಟೋ ಸಾಲು ಸ್ವಲ್ಪ ಕಷ್ಟ, ನಾನು ಸಾಲೋಮಿ ಸೇರಿ ಸರಿ ಮಾಡಿಕೊಳ್ಳಬೇಕು.

ಬೆಳಗ್ಗೆ ಮುರಿಗೆಪ್ಪನ ಮನೆಗೆ ನಾನೇ ಹೋದೆ. ನೀಲಾಂಬಿಕಾಳ ಜೊತೆಗೇ ವಾಪಸ್ಸು ಬಂದೆ. 'ಹೋಗು' ಅಂತ ಕಳಿಸಿದವಳಿಗೆ 'ಬಾ' ಅನ್ನಲು ಬರುವುದಿಲ್ಲವೇ? ಇವರು ಅಟ್ಟ ಹತ್ತಿ ಜಮಖಾನೆ ಇಳಿಸಿ ಕೊಡವಿದರು, ಮೂವರೂ ಸೀನಿದೆವು.

ಹುಡುಗಿ ಕೂತು ಅಳುಕುತ್ತಲೇ ಕೇಳಿದಳು: "ಮೇಲಿನ ಷಡ್ಜ ಯಾರು ತೋರಿಸ್ತಾರೆ ಟೀಚರ್?"

"ಯಾರೂ ತೋರಿಸಲ್ಲ. ನೀನೇ ಹೋಗು. ನನಗೆ ಅಲ್ಲಿಗೆ ಬರೋಕಾಗಲ್ಲ. ನಾನು ಕೆಳಗೆ ಹಿಡ್ಕೊಂಡಿರ್ತೀನಿ, ನೀನು ಮೇಲೆ ನಿಂತ್ಕೊ. ಓಡಿಬರ್ಬೇಡ. ನಿನ್ನ ಉಸಿರು ಮುಗಿದ್ರೆ ನನ್ನದು ಇರುತ್ತೆ, ಮತ್ತೆ ಬಂದು ಸೇರ್ಕೋ."

ನಾನು ಕೆಳಗಿನ ಷಡ್ಜ ಹಿಡಿದೆ. ಅವಳು ಹತ್ತಿದಳು, ಮುಟ್ಟಿದಳು, ಓಡಿಬಂದಳು. ಮತ್ತೆ ಕಳಿಸಿದೆ. ಮತ್ತೆ ಓಡಿಬಂದಳು. ಬಿಡಲಿಲ್ಲ ನಾನು. ಅದೆಷ್ಟನೆಯ ಸಲಕ್ಕೋ, ಹೋಗಿ ನಿಂತೇ ಬಿಟ್ಟಳು! ಎರಡು ಷಡ್ಜದ ನಡುವೆ ಕೋಣೆಯ ಕಿಟಕಿ ಗಾಜು ಗುಂಯ್ ಅಂದಿತು. ಹುಡುಗಿಯ ಕಣ್ಣು ಅರಳಿಹೋಯಿತು. ನಿಲ್ಲಿಸಬೇಡ ಅಂತ ಕೈ ಮಾಡಿದೆ.

ಅಷ್ಟರಲ್ಲಿ ಬೆಲ್ಲು. ಮೇಲಿನ ಮನೆಗೆ ಹೊಸದಾಗಿ ಬಂದಿರುವ ಕಂಪನಿಯವರು. ಕಿವಿಗೆ ಫೋನು ಸಿಕ್ಕಿಸಿಕೊಂಡೇ, "ಮೇಡಂ, ಕಾಲ್‌ನಲ್ಲಿದೀನಿ, ನಿಮ್ಮ ಮನೆ ಸೌಂಡ್ ತುಂಬ ಜಾಸ್ತಿ ಆಯ್ತು," ಅಂದರು.

ನನ್ನ ಮನೆಯಿಂದ ಸೌಂಡು ಜಾಸ್ತಿಯಂತೆ! "ಥ್ಯಾಂಕ್ಸ್ ಸಾರ್," ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಒಳಗೆ ಬಂದು ಹುಡುಗಿಗೆ ಇನ್ನೊಂದು ಸಲ ಅಂದೆ. ಬಾಗಿಲು ಹಾಕಲಿಲ್ಲ.